ಹಳೇ ಸೈಕಲ್: ಸವೆದ ಬಣ್ಣ ಹಾಗೇ ಉಳಿಸಿಕೊಂಡು ರಿಪೇರಿ ಮಾಡುವುದು ಹೇಗೆ?

ಹಳೇಗಾಲಿ:
ಒಂದು ಹಳೇ ರೋಡ್‌ಸ್ಟರ್ ಸೈಕಲ್ ಕೈಗೆ ಬಂದಿದೆ. 28 ಇಂಚಿನ ಚಕ್ರ, ರಾಡ್ ಬ್ರೇಕ್, ಹಿಂದಿನ ಚಕ್ರದ ನಡುವಿನ ಹಬ್ಬಿನಲ್ಲಿ ಸ್ಟರ್ಮಿ ಆರ್ಚರ್ ಕಂಪನಿಯ ಎಡಬ್ಲ್ಯೂ ಮಾದರಿಯ ಮೂರು ಗೇರ್. ಹಬ್ಬಿನ ಮೇಲೆ 54 ಅಂತ ಒತ್ತಿದ್ದಾರೆ, ಹಾಗಾಗಿ 1954ರದ್ದು ಅಂದುಕೊಂಡಿದ್ದೇನೆ. ಕಪ್ಪು ಬಣ್ಣ ಬಹುಪಾಲು ಉಳಿದಿದೆ. ಅಡ್ಡ ಬಾರ್ ಮೇಲೆ ಮಾತ್ರ ಕಾಲು ತಗುಲಿ ತಗುಲಿ ಸವೆದು ಕಬ್ಬಿಣ ಕಾಣುತ್ತದೆ. ಮಡ್‌ಗಾರ್ಡ್ ಮೇಲೆ ಕೈಯಲ್ಲಿ ಎಳೆದ ಚಿನ್ನದ ಗೆರೆ ಅಲ್ಲಲ್ಲಿ ಇದೆ. ಹ್ಯಾಂಡಲ್‌ನ ಕ್ರೋಮ್ ಮೇಲೆ ಕಂದು ಚುಕ್ಕಿ.

ನೋಡಿದವರೆಲ್ಲ ಪೌಡರ್ ಕೋಟಿಂಗ್ (ಬಣ್ಣದ ಪುಡಿ ಹಿಡಿಸಿ ಕಾಯಿಸುವುದು) ಮಾಡಿಸು, ಹೊಸದರ ಹಾಗೆ ಆಗುತ್ತದೆ ಅನ್ನುತ್ತಾರೆ. ನನಗೆ ಹೊಸದು ಬೇಡ. ಈ ಸವೆತವೇ ಇಷ್ಟ. ಆದರೆ ಗೋಡೆಗೆ ನೇತುಹಾಕಲೂ ಅಲ್ಲ, ದಿನಾ ಓಡಿಸಬೇಕು. ಬಣ್ಣಕ್ಕೆ ಏಟಾಗದೆ ತುಕ್ಕು ಮಾತ್ರ ತೆಗೆಯುವುದು ಹೇಗೆ?

ಗ್ರೀಸ್‌ಕೈ:
ಪೌಡರ್ ಕೋಟಿಂಗ್ ಬೇಡವೇ ಬೇಡ. ಅದಕ್ಕೆ ಮೊದಲು ಮರಳು ಹೊಡೆದು ಇರುವ ಬಣ್ಣವನ್ನೆಲ್ಲ ಕಿತ್ತುಹಾಕುತ್ತಾರೆ. ಗೆರೆ, ಸ್ಟಿಕ್ಕರ್ ಎಲ್ಲ ಹೋಯಿತು, ಫ್ರೇಮ್ ಮೇಲೆ ಒತ್ತಿದ ನಂಬರ್ ಕೂಡ ಮಸುಕಾಗುತ್ತದೆ. ಬಣ್ಣ ನಾಳೆ ಬೇಕಾದರೂ ಹೊಡೆಸಬಹುದು, ಆ ಚಿನ್ನದ ಗೆರೆ ಎಳೆದ ಕೈ ಮಾತ್ರ ಇನ್ನು ಸಿಗುವುದಿಲ್ಲ.

ನಾನು ಪಾಲಿಸುವುದು ಇಷ್ಟೇ. ಕಣ್ಣಿಗೆ ಕಾಣುವ ಕಡೆ ಆದಷ್ಟು ಕಡಿಮೆ ಕೈ ಹಾಕುವುದು, ತಿರುಗುವ ಕಡೆ ಪೂರ್ತಿ ಬಿಚ್ಚಿ ಕೆಲಸ ಮಾಡುವುದು.

ಮೊದಲು ಎಲ್ಲ ಕೋನದಿಂದ ಫೋಟೋ ತೆಗೆದಿಟ್ಟುಕೊಳ್ಳಿ. ಆಮೇಲೆ ಬಿಸಿನೀರಿಗೆ ಒಂದೆರಡು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ, ಮೆತ್ತನೆ ಬಟ್ಟೆಯಲ್ಲಿ ಒರೆಸಿ. ತುಕ್ಕು ಅಂದುಕೊಂಡಿದ್ದು ಎಷ್ಟೋ ಸಲ ಹಳೇ ಎಣ್ಣೆ, ಧೂಳು ಸೇರಿ ಗಟ್ಟಿಯಾದ ಪದರ ಆಗಿರುತ್ತದೆ. ಅದಕ್ಕೆ ಬಟ್ಟೆ ತುದಿಗೆ ಸ್ವಲ್ಪ ಸೀಮೆಎಣ್ಣೆ ಸಾಕು. ಏನೇ ಹಚ್ಚುವ ಮುಂಚೆ ಪೆಡಲ್ ಅಚ್ಚಿನ ಕೊಳವೆಯ ತಳದಲ್ಲಿ, ಯಾರಿಗೂ ಕಾಣದ ಜಾಗದಲ್ಲಿ ಪರೀಕ್ಷೆ ಮಾಡಿ. ಬಟ್ಟೆಗೆ ಕಪ್ಪು ಬಣ್ಣ ಹತ್ತಿದರೆ ಅಲ್ಲಿಗೆ ನಿಲ್ಲಿಸಿ. ಗೆರೆ, ಸ್ಟಿಕ್ಕರ್ ಹತ್ತಿರ ಥಿನ್ನರ್, ಸ್ಪಿರಿಟ್, ಅಸಿಟೋನ್ ಯಾವುದೂ ಹೋಗಬಾರದು. ಮುಂದಿನ ಹಿತ್ತಾಳೆ ಬ್ಯಾಡ್ಜನ್ನು ಉಜ್ಜಿ ಹೊಳಪು ಬರಿಸಲು ಹೋಗಬೇಡಿ, ಅದರ ಗುಳಿಗಳಲ್ಲಿರುವ ಬಣ್ಣ ಮೊದಲು ಹೋಗುತ್ತದೆ.

ರಾಡ್‌ಬ್ರೇಕ್:
ತುಕ್ಕಿನ ಬಗ್ಗೆ ನಾನು ಹೇಳುತ್ತೇನೆ. ಕ್ರೋಮ್ ಸುಲಭ. ಅಡುಗೆಮನೆ ಅಲ್ಯೂಮಿನಿಯಂ ಫಾಯಿಲ್ ಉಂಡೆ ಮಾಡಿ, ನೀರಲ್ಲಿ ಅದ್ದಿ ನಿಧಾನಕ್ಕೆ ಉಜ್ಜಿ. ಫಾಯಿಲ್ ಕ್ರೋಮ್‌ಗಿಂತ ಮೆತ್ತಗಿದೆ, ಗೀರು ಬೀಳುವ ಭಯ ಕಡಿಮೆ. ಕ್ರೋಮ್ ಎದ್ದುಹೋಗಿರುವ ಕಡೆ ಹೊಳಪು ವಾಪಸ್ ಬರುವುದಿಲ್ಲ, ಸುಮ್ನೆ ಉಜ್ಜಿ ಅಂಚಿನ ಕ್ರೋಮನ್ನೂ ಎಬ್ಬಿಸಬೇಡಿ.

ನಟ್ಟು, ಬೋಲ್ಟು, ಬ್ರೇಕ್ ರಾಡ್ ಇಂಥ ಬಿಚ್ಚಿ ತೆಗೆಯಬಹುದಾದ ಉಕ್ಕಿನ ಭಾಗಗಳಿಗೆ ಆಕ್ಸಾಲಿಕ್ ಆಸಿಡ್ ಒಳ್ಳೆಯದು. ಒಂದು ಲೀಟರ್ ನೀರಿಗೆ ಸುಮಾರು 20–30 ಗ್ರಾಂ ಪುಡಿ, ಪ್ಲಾಸ್ಟಿಕ್ ಡಬ್ಬದಲ್ಲಿ. ಕೆಲವು ಗಂಟೆ ಬಿಟ್ಟು ಆಗಾಗ ನೋಡುತ್ತಿರಿ. ತೆಗೆದ ಮೇಲೆ ತೊಳೆದು, ಅಡುಗೆ ಸೋಡಾ ನೀರಲ್ಲಿ ಅದ್ದಿ, ತಕ್ಷಣ ಒಣಗಿಸಿ ಎಣ್ಣೆ ಹಚ್ಚಬೇಕು, ಇಲ್ಲದಿದ್ದರೆ ಕಣ್ಣೆದುರಿಗೇ ಮತ್ತೆ ತುಕ್ಕು ಹತ್ತುತ್ತದೆ. ಇದು ವಿಷ. ಗ್ಲೌಸ್, ಕನ್ನಡಕ ಕಡ್ಡಾಯ, ಮಕ್ಕಳ ಕೈಗೆ ಸಿಗಬಾರದು. ಅಲ್ಯೂಮಿನಿಯಂ, ಸತು ಲೇಪಿಸಿದ ಭಾಗಗಳನ್ನು ಇದರಲ್ಲಿ ಹಾಕಬೇಡಿ. ಬಣ್ಣದ ಫ್ರೇಮನ್ನು ಮುಳುಗಿಸುವವರೂ ಇದ್ದಾರೆ, ಕಪ್ಪು ಎನಾಮಲ್ ಹೆಚ್ಚಾಗಿ ತಡೆಯುತ್ತದೆ. ಆದರೆ ಗೆರೆ, ಸ್ಟಿಕ್ಕರ್ ಇರುವಾಗ ನಾನಂತೂ ಆ ಕೆಲಸ ಮಾಡುವುದಿಲ್ಲ.

ಅಡ್ಡ ಬಾರ್ ಮೇಲಿನ ಬರೀ ಕಬ್ಬಿಣಕ್ಕೆ ಕುದಿಸಿದ ಅಗಸೆ ಎಣ್ಣೆ ತೆಳ್ಳಗೆ ಸವರಿ. ಒಣಗಿ ಪೊರೆ ಕಟ್ಟುತ್ತದೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿಯೇ ಬೆಂಕಿ ಹತ್ತಬಹುದು. ಹೊರಗೆ ಹರಡಿ ಒಣಗಿಸಿ.

ಸುತ್ತಾಟ:
ಅಗಸೆ ಎಣ್ಣೆ ವಿಷಯದಲ್ಲಿ ನನ್ನ ಒಪ್ಪಿಗೆ ಇಲ್ಲ. ಅದು ಹೋಗ್ತಾ ಹೋಗ್ತಾ ಹಳದಿಯಾಗುತ್ತದೆ, ಗಟ್ಟಿಯಾದ ಮೇಲೆ ತೆಗೆಯುವುದೂ ಕಷ್ಟ. ಮೇಣ ಹಚ್ಚಿ. ಬೇಡ ಅನಿಸಿದರೆ ಟರ್ಪೆಂಟೈನ್‌ನಲ್ಲಿ ಒರೆಸಿದರೆ ಹೋಗುತ್ತದೆ. ನಾವು ಮಾಡಿದ್ದನ್ನು ಮುಂದಿನವರು ಬಿಡಿಸುವಂತಿರಬೇಕು, ಅಲ್ವಾ? ಮಳೆಯಲ್ಲಿ ಓಡಿಸಿದರೆ ಮೇಣ ಬೇಗ ಹೋಗುತ್ತದೆ ನಿಜ. ಮತ್ತೆ ಹಚ್ಚಬೇಕು, ಅಷ್ಟೇ ಕೆಲಸ.

ಸವೆದ ಜಾಗಕ್ಕೆ ಕಪ್ಪು ಬಣ್ಣ ಮುಟ್ಟಿಸುವುದಂತೂ ಬೇಡ. ಹೊಸ ಕಪ್ಪು ಹಳೇ ಕಪ್ಪಿಗೆ ಹೊಂದುವುದೇ ಇಲ್ಲ, ತೇಪೆ ಹಾಕಿದ ಹಾಗೆ ಕಾಣುತ್ತದೆ.

ಹಳೇಗಾಲಿ:
ತುಂಬಾ ಥ್ಯಾಂಕ್ಸ್. ಬ್ಯಾಡ್ಜ್ ಉಜ್ಜುವವನಿದ್ದೆ, ಬಿಟ್ಟೆ. ಕಾಣುವ ಕಡೆ ಮೇಣ, ಮಡ್‌ಗಾರ್ಡ್ ಒಳಮೈಗೆ ಅಗಸೆ ಎಣ್ಣೆ ಅಂತ ತೀರ್ಮಾನಿಸಿದೆ. ಇನ್ನೆರಡು ಪ್ರಶ್ನೆ. ಪೆಡಲ್ ಕಡ್ಡಿಯನ್ನು ಅಚ್ಚಿಗೆ ಬಿಗಿಯುವ ಕಾಟರ್ ಪಿನ್ ಅಲ್ಲಾಡುತ್ತಿಲ್ಲ. ಮತ್ತೆ ಚರ್ಮದ ಸೀಟು ಒಣಗಿ ಹಲಗೆಯಾಗಿದೆ, ನಡುವೆ ತಗ್ಗಿದೆ. ಮುಂದಿನ ಬೋಲ್ಟ್ ಬಿಗಿ ಮಾಡಲೇ?

ಗ್ರೀಸ್‌ಕೈ:
ಬೋಲ್ಟ್ ಮುಟ್ಟಬೇಡಿ! ಒಣ ಚರ್ಮವನ್ನು ಎಳೆದರೆ ರಿವೆಟ್ ಹತ್ತಿರ ಹರಿಯುತ್ತದೆ. ಚರ್ಮಕ್ಕೆ ಹಚ್ಚುವ ಮೇಣವನ್ನು ಮೇಲೆ, ಕೆಳಗೆ ತೆಳ್ಳಗೆ ಹಚ್ಚಿ ಬಿಡಿ, ಹೀರಿಕೊಂಡ ಮೇಲೆ ಇನ್ನೊಂದು ಸಲ. ಎಣ್ಣೆಯಲ್ಲಿ ನೆನೆಸಿದರೆ ಜಾಸ್ತಿ ಮೆತ್ತಗಾಗಿ ಜೋತುಬೀಳುತ್ತದೆ.

ಕಾಟರ್ ಪಿನ್‌ಗೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡಿ, ಫ್ರೇಮ್ ಬಣ್ಣಕ್ಕೆ ಹರಿಯದ ಹಾಗೆ ಬಟ್ಟೆ ಸುತ್ತಿ. ಪಿನ್ ಒತ್ತುವ ಪ್ರೆಸ್ ಸಿಕ್ಕರೆ ಅದೇ ಒಳ್ಳೆಯದು. ಸುತ್ತಿಗೆಯೇ ಗತಿ ಅಂದರೆ ನಟ್ಟನ್ನು ಪಿನ್ ತುದಿಗೆ ಸಮ ಬರುವಷ್ಟು ಸಡಿಲಿಸಿ. ಕಡ್ಡಿಯ ಕೆಳಗೆ ದಪ್ಪ ಕಬ್ಬಿಣದ ಕೊಳವೆ ಆಸರೆ ಕೊಟ್ಟು ಒಂದೇ ಗಟ್ಟಿ ಏಟು ಹಾಕಿ. ಆಸರೆ ಇಲ್ಲದಿದ್ದರೆ ಏಟೆಲ್ಲ ಬೇರಿಂಗ್ ಗುಂಡುಗಳ ಮೇಲೆ ಬೀಳುತ್ತದೆ. ಹೊಸ ಪಿನ್ ಅದೇ ದಪ್ಪದ್ದು, ಅದೇ ಓರೆಯದು ಇರಬೇಕು.

ರಾಡ್‌ಬ್ರೇಕ್:
ದಿನಾ ಓಡಿಸುತ್ತೀರಿ ಅಂದಿರಿ, ಅದಕ್ಕೆ ಇದನ್ನೂ ಹೇಳಬೇಕು. ಬ್ರೇಕ್ ರಬ್ಬರ್, ಟೈರ್, ಟ್ಯೂಬ್, ಗೇರ್ ವೈರ್ ಹಳೆಯದೇ ಇರಲಿ ಅನ್ನಬೇಡಿ, ಹೊಸದು ಹಾಕಿ. ಬಿಚ್ಚಿದ್ದನ್ನು ಎತ್ತಿಟ್ಟರಾಯಿತು. ಮುಂದಿನ ಫೋರ್ಕಿನ ಮೇಲ್ಭಾಗವನ್ನು ಬೆಳಕಲ್ಲಿ ಸರಿಯಾಗಿ ನೋಡಿ, ಕೂದಲೆಳೆಯಷ್ಟು ಬಿರುಕು ಕಂಡರೂ ಓಡಿಸಬಾರದು. ಉಕ್ಕಿನ ರಿಮ್ ಒದ್ದೆಯಾದರೆ ಬ್ರೇಕ್ ತುಂಬಾ ಕಡಿಮೆ ಹಿಡಿಯುತ್ತದೆ, ಮಳೆಯಲ್ಲಿ ನಿಧಾನ.

ಎಡಬ್ಲ್ಯೂ ಹಬ್ಬಿನ ಗೇರ್ ಸರಿಯಾಗಿ ಬೀಳದಿದ್ದರೆ ತಕ್ಷಣ ಬಿಚ್ಚಬೇಡಿ. ಹಬ್ಬಿನ ಮೇಲೆ ಚಿಕ್ಕ ಮುಚ್ಚಳ ಇರುತ್ತದೆ, ಅಲ್ಲಿಂದ ತೆಳು ಮೆಷಿನ್ ಎಣ್ಣೆ ಬಿಟ್ಟು ಚಕ್ರ ತಿರುಗಿಸಿ. ಆಮೇಲೆ ಗೇರ್ ವೈರ್ ಎಳೆತ ಹೊಂದಿಸಿ. ಎರಡನೇ, ಮೂರನೇ ಗೇರ್ ನಡುವೆ ಏನೂ ಹಿಡಿಯದ ಜಾಗ ಒಂದಿದೆ. ವೈರ್ ಸರಿಯಿಲ್ಲದೆ, ನಿಂತು ತುಳಿಯುವಾಗ ಅಲ್ಲಿಗೆ ಬಿದ್ದರೆ ಪೆಡಲ್ ಖಾಲಿ ಜಾರಿ ನೀವೂ ಬೀಳುತ್ತೀರಿ. ವೈರ್ ಹೊಂದಿಸದೆ ರಸ್ತೆಗೆ ಇಳಿಸಬೇಡಿ.