ದೊಡ್ಡಪ್ಪ ಕಳಿಸಿದ ಕೆಂಪು ಫೋನಿನ ಫೋಟೋ

ದೊಡ್ಡಪ್ಪ: (ಫಾರ್ವರ್ಡ್ ಆಗಿದೆ) 1962ರ ಅಕ್ಟೋಬರ್. ಕ್ಯೂಬಾದಲ್ಲಿ ರಷ್ಯಾದ ಅಣು ಕ್ಷಿಪಣಿಗಳು. ಅಧ್ಯಕ್ಷ ಕೆನಡಿ ಕೆಂಪು ಫೋನ್ ಎತ್ತಿ ಒಂದೇ ಒಂದು ಎಚ್ಚರಿಕೆ ಕೊಟ್ಟರು. ರಷ್ಯಾದ ನಾಯಕ ಕ್ರುಶ್ಚೇವ್ ಬಾಲ ಮುದುರಿಕೊಂಡು ಕ್ಷಿಪಣಿ ವಾಪಸ್ ತಗೊಂಡ. ಒಂದಿಂಚೂ ಬಿಟ್ಟುಕೊಡದವನೇ ಗೆಲ್ಲುವುದು. ಎಲ್ಲರಿಗೂ ಕಳಿಸಿ 🙏

ಅತ್ತೆ: 👍

ನಾನು: ದೊಡ್ಡಪ್ಪ, ಬೇಜಾರು ಮಾಡಿಕೊಳ್ಳಬೇಡಿ, ಆದರೆ ಇದನ್ನು ಓದಿ ಸುಮ್ನೆ ಇರಲು ಆಗುತ್ತಿಲ್ಲ. 1962ರಲ್ಲಿ ಆ ಫೋನೇ ಇರಲಿಲ್ಲ. ವಾಷಿಂಗ್ಟನ್ ಮತ್ತು ಮಾಸ್ಕೋ ನಡುವೆ ನೇರ ಸಂಪರ್ಕ ಶುರುವಾದದ್ದು 1963ರ ಆಗಸ್ಟ್‌ನಲ್ಲಿ, ಈ ಬಿಕ್ಕಟ್ಟಿನ ಏಟು ತಿಂದ ಮೇಲೆ. ಅದೂ ಫೋನ್ ಅಲ್ಲ, ಟೆಲಿಪ್ರಿಂಟರ್, ಅಂದರೆ ಅಕ್ಷರದಲ್ಲಿ ಸಂದೇಶ ಕಳಿಸುವ ಯಂತ್ರ.

ಭಾವ: ಫೋನೋ ಟೆಲಿಪ್ರಿಂಟರೋ, ವಿಷಯ ಒಂದೇ ತಾನೇ? ಕೆನಡಿ ಗಟ್ಟಿಯಾಗಿ ನಿಂತರು, ಅವರು ಓಡಿದರು.

ನಾನು: ಒಂದೇ ಅಲ್ಲ ಭಾವ. ಮಾತು ತಲುಪುವುದೇ ಅಲ್ಲಿ ದೊಡ್ಡ ಕಷ್ಟವಾಗಿತ್ತು. ಅಕ್ಟೋಬರ್ 26ರಂದು ಕ್ರುಶ್ಚೇವ್ ಬರೆದ ಉದ್ದನೆಯ ಪತ್ರ ಮಾಸ್ಕೋದ ಅಮೆರಿಕ ರಾಯಭಾರ ಕಚೇರಿಗೆ ಬಂದು, ಅನುವಾದವಾಗಿ, ಸಂಕೇತ ಭಾಷೆಗೆ ಹೋಗಿ, ತುಂಡು ತುಂಡಾಗಿ ವಾಷಿಂಗ್ಟನ್ ತಲುಪುವಷ್ಟರಲ್ಲಿ ಹತ್ತಿರ ಹತ್ತಿರ 12 ಗಂಟೆ ಕಳೆದಿತ್ತು. ಈ ಕಡೆ ಸೋವಿಯತ್ ರಾಯಭಾರಿ ಡೊಬ್ರಿನಿನ್ ಮಾಸ್ಕೋಗೆ ಏನಾದರೂ ಹೇಳಬೇಕಾದರೆ ತಂತಿ ಕಂಪನಿ ವೆಸ್ಟರ್ನ್ ಯೂನಿಯನ್‌ಗೆ ಹೇಳಿಕಳಿಸಬೇಕಿತ್ತು. ಒಬ್ಬ ಹುಡುಗ ಸೈಕಲ್ಲಿನಲ್ಲಿ ಬಂದು ತಂತಿ ತಗೊಂಡು ಹೋಗುತ್ತಿದ್ದ. ಅವನು ದಾರಿಯಲ್ಲಿ ಎಲ್ಲೂ ನಿಲ್ಲದಿರಲಿ ಎಂದು ಪ್ರಾರ್ಥಿಸುತ್ತಿದ್ದೆವು ಅಂತ ಡೊಬ್ರಿನಿನ್ ತಾವೇ ಆಮೇಲೆ ಬರೆದುಕೊಂಡಿದ್ದಾರೆ. ಇಡೀ ಭೂಮಿಯ ಜೀವ ಒಂದು ಸೈಕಲ್ ಮೇಲಿತ್ತು! 28ನೇ ತಾರೀಕು ಕ್ರುಶ್ಚೇವ್ ಒಪ್ಪಿಗೆಯನ್ನು ಮಾಸ್ಕೋ ರೇಡಿಯೋದಲ್ಲೇ ಓದಿಸಿದ್ದು ಯಾಕೆ? ಪತ್ರ ತಲುಪುವುದರೊಳಗೆ ಬಾಂಬ್ ಬಿದ್ದುಬಿಡಬಹುದು ಎಂಬ ಭಯ.

ದೊಡ್ಡಪ್ಪ: ಫೋನ್ ತಪ್ಪು, ಒಪ್ಪಿದೆ. ಆದರೆ ಕಣ್ಣಲ್ಲಿ ಕಣ್ಣಿಟ್ಟು ನಿಂತಿದ್ದೆವು, ಎದುರಿನವನು ಮೊದಲು ಕಣ್ಣು ಮಿಟುಕಿಸಿದ ಅಂತ ಅವರ ವಿದೇಶಾಂಗ ಮಂತ್ರಿ ಡೀನ್ ರಸ್ಕ್ ಹೇಳಿದ್ದು ನಿಜ ಅಲ್ವಾ?

ನಾನು: ಹೇಳಿದ್ದು ನಿಜ, 24ನೇ ತಾರೀಕು, ಕ್ಯೂಬಾ ಸುತ್ತ ಸಮುದ್ರದಲ್ಲಿ ಅಮೆರಿಕದ ದಿಗ್ಬಂಧನ ಜಾರಿಗೆ ಬಂದ ದಿನ. ಆದರೆ ಕ್ಷಿಪಣಿ ಹೊತ್ತ ಸೋವಿಯತ್ ಹಡಗುಗಳು ಅದರ ಹಿಂದಿನ ದಿನವೇ ತಿರುಗಿ ಹೋಗಿದ್ದವು, ನೂರಾರು ಮೈಲಿ ಆಚೆ ಇದ್ದವು. ಎದುರುಬದುರು ನಿಂತದ್ದೇ ಇಲ್ಲ. ಅಮೆರಿಕದವರಿಗೆ ಅದು ಗೊತ್ತಾಗುವುದು ತಡವಾಯಿತು ಅಷ್ಟೇ.

ಇನ್ನು "ಒಂದಿಂಚೂ ಬಿಟ್ಟುಕೊಡಲಿಲ್ಲ" ಅನ್ನುವುದು. ನನಗೆ ಹೊಟ್ಟೆ ಉರಿಯುವುದು ಇದಕ್ಕೇ. 27ನೇ ತಾರೀಕು, ಶನಿವಾರ. ಕ್ಯೂಬಾ ಮೇಲೆ ಅಮೆರಿಕದ ಯು-2 ಬೇಹುಗಾರಿಕಾ ವಿಮಾನವನ್ನು ಹೊಡೆದು ಬೀಳಿಸಿದರು, ಪೈಲಟ್ ರುಡಾಲ್ಫ್ ಆಂಡರ್ಸನ್ ಸತ್ತರು. ಹಾಗೇನಾದರೂ ಆದರೆ ತಿರುಗಿ ಹೊಡೆಯುವುದು ಎಂದು ಮೊದಲೇ ಮಾತಾಗಿತ್ತು. ಕೆನಡಿ ತಡೆದರು. ಅದೇ ರಾತ್ರಿ ತಮ್ಮ ರಾಬರ್ಟ್ ಕೆನಡಿಯನ್ನು ಡೊಬ್ರಿನಿನ್ ಜೊತೆ ಮಾತಾಡಲು ಬಿಟ್ಟರು. ಕ್ಯೂಬಾ ಮೇಲೆ ದಾಳಿ ಮಾಡುವುದಿಲ್ಲ ಎಂಬ ಮಾತು ಬಹಿರಂಗವಾಗಿ. ಅದರ ಜೊತೆಗೆ ಗುಟ್ಟಾಗಿ ಇನ್ನೊಂದು: ರಷ್ಯಾಕ್ಕೆ ಗುರಿ ಇಟ್ಟು ಟರ್ಕಿಯಲ್ಲಿ ನಿಲ್ಲಿಸಿದ್ದ 15 ಜುಪಿಟರ್ ಕ್ಷಿಪಣಿಗಳನ್ನು ನಾಲ್ಕೈದು ತಿಂಗಳಲ್ಲಿ ತೆಗೆಯುತ್ತೇವೆ, ಆದರೆ ಇದು ಹೊರಗೆ ಬರಬಾರದು. 1963ರ ಏಪ್ರಿಲ್‌ನಲ್ಲಿ ತೆಗೆದೂ ಬಿಟ್ಟರು. ಈ ಒಪ್ಪಂದವನ್ನು ಕಾಗದದಲ್ಲಿ ಬರೆದು ಕ್ರುಶ್ಚೇವ್ ಕಳಿಸಿದ ಪತ್ರವನ್ನು ರಾಬರ್ಟ್ ಕೆನಡಿ ಇಟ್ಟುಕೊಳ್ಳಲೇ ಇಲ್ಲ, ವಾಪಸ್ ಕೊಟ್ಟರು. ಕೊಟ್ಟು ತಗೊಂಡೇ ಮುಗಿದದ್ದು ದೊಡ್ಡಪ್ಪ. ಕೊಟ್ಟದ್ದನ್ನು ಮುಚ್ಚಿಟ್ಟರು, ತಗೊಂಡದ್ದನ್ನು ಮಾತ್ರ ಜಗತ್ತು ನೋಡಿತು.

ಭಾವ: ಇರು, ನೀನು ಒಂದು ಕಡೆಗೇ ವಾಲುತ್ತಿದ್ದೀಯ. ದಿಗ್ಬಂಧನ ಇಲ್ಲದೆ, ಫ್ಲೋರಿಡಾದಲ್ಲಿ ಸೈನ್ಯ ಜಮಾಯಿಸದೆ, ಬರೀ ಪತ್ರ ಬರೆದಿದ್ದರೆ ಕ್ರುಶ್ಚೇವ್ ತೆಗೆಯುತ್ತಿದ್ದರಾ? ಕದ್ದುಮುಚ್ಚಿ ತಂದಿಟ್ಟವರು ಅವರು. ದಾಳಿಗೆ ಬಳಸುವ ಆಯುಧ ಅಲ್ಲವೇ ಅಲ್ಲ ಅಂತ ಸುಳ್ಳು ಹೇಳಿದವರೂ ಅವರೇ. ಜುಪಿಟರ್ ಹೇಗಿದ್ದರೂ ಹಳೇ ಸಾಮಾನು. ಹಳೇ ಸ್ಕೂಟರ್ ಕೊಟ್ಟು ಮನೆ ಉಳಿಸಿಕೊಂಡ ಹಾಗೆ.

ನಾನು: ದಿಗ್ಬಂಧನ ಬೇಕಿತ್ತು, ಅದನ್ನು ನಾನೂ ಒಪ್ಪುತ್ತೇನೆ. ಸುಳ್ಳು ಹೇಳಿದ್ದೂ ನಿಜ. ಆದರೆ ಅದು ಕೈ ಹಿಡಿದು ನಿಲ್ಲಿಸಿತು, ಗಂಟು ಬಿಚ್ಚಲಿಲ್ಲ. ಯುದ್ಧದ ಗಂಟು ಹಾಕಿದ ಹಗ್ಗವನ್ನು ನಾವಿಬ್ಬರೂ ಎರಡು ಕಡೆಯಿಂದ ಎಳೆಯುವುದು ಬೇಡ ಅಂತ ಕ್ರುಶ್ಚೇವ್ ಆ 26ರ ಪತ್ರದಲ್ಲೇ ಬರೆದಿದ್ದರು. ಮತ್ತೆ, ಜುಪಿಟರ್ ಅಷ್ಟು ಹಳೇ ಸಾಮಾನಾಗಿದ್ದರೆ ಅದನ್ನು ಯಾಕೆ ಅಷ್ಟು ಮುಚ್ಚಿಡಬೇಕಿತ್ತು? ಟರ್ಕಿಯವರನ್ನೂ ಕೇಳದೆ ಕೊಟ್ಟಿದ್ದರು, ಅದಕ್ಕೆ.

ದೊಡ್ಡಪ್ಪ: ನೀವೆಲ್ಲ ಪುಸ್ತಕ ಓದಿದವರು. ನಾನು ಆ ವರ್ಷ ಕಣ್ಣಾರೆ ಕಂಡವನು. ಅದೇ ಅಕ್ಟೋಬರ್ 20ಕ್ಕೆ ಚೀನಾ ನಮ್ಮ ಮೇಲೆ ಬಿತ್ತು. ನಾವು ಮೆತ್ತಗಿದ್ದೆವು, ಪೆಟ್ಟು ತಿಂದೆವು. ಅದಕ್ಕೇ ನನಗೆ ಗಟ್ಟಿ ನಿಲ್ಲುವವರನ್ನು ಕಂಡರೆ ಗೌರವ.

ಅತ್ತೆ: ಹೌದು. ಅಮ್ಮ ರಕ್ಷಣಾ ನಿಧಿಗೆ ಒಂದು ಜೊತೆ ಬಳೆ ಬಿಚ್ಚಿ ಕೊಟ್ಟಿದ್ದು ನನಗೆ ಚೆನ್ನಾಗಿ ನೆನಪಿದೆ. ಆಮೇಲೆ ಆ ಕೈಗೆ ಬರೀ ಗಾಜಿನ ಬಳೆ. ಕ್ಯೂಬಾ ಅಂತ ಒಂದು ಹೆಸರು ಆಗ ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ.

ನಾನು: ಆ ನೋವಿನ ಬಗ್ಗೆ ನಾನು ಒಂದು ಮಾತೂ ಆಡುವುದಿಲ್ಲ ದೊಡ್ಡಪ್ಪ. ಆದರೆ ಅದು ಬೇರೆ ಜಗಳ. ಕ್ಯೂಬಾದಲ್ಲಿ ಸೋತವನಿಗೆ ಮಾತ್ರ ಪೆಟ್ಟು ಅಂತ ಇರಲಿಲ್ಲ, ಇಬ್ಬರೂ ಬೂದಿ. ಇನ್ನೊಂದು ವಿಷಯ, ನಿಮಗೆ ಇಷ್ಟವಾಗಬಹುದು. ಆಗ ವಿಶ್ವಸಂಸ್ಥೆಯ ಹೊಣೆ ಹೊತ್ತಿದ್ದ ಬರ್ಮಾದ ಊ ಥಾಂಟ್ ಎರಡೂ ಕಡೆಗೆ ಪತ್ರ ಬರೆದು ಸ್ವಲ್ಪ ಸಮಯ ಕೊಡಿಸಿದರು. ತಿಂಗಳ ಕೊನೆಗೆ ಕ್ಯೂಬಾದ ನಾಯಕ ಕ್ಯಾಸ್ಟ್ರೋ ಜೊತೆ ಮಾತಾಡಲು ಹವಾನಾಕ್ಕೆ ಹೋದಾಗ ಅವರ ಸೇನಾ ಸಲಹೆಗಾರರಾಗಿ ಜೊತೆಗಿದ್ದವರು ನಮ್ಮ ಸೈನ್ಯದ ಇಂದರ್ ಜಿತ್ ರಿಖಿ.

ದೊಡ್ಡಪ್ಪ: ಇದು ಗೊತ್ತಿರಲಿಲ್ಲ.

ತಮ್ಮ: ಸಬ್‌ಮರೀನ್ ಕಥೆ ಹೇಳಕ್ಕ, ಅದನ್ನು ಯಾರೂ ಹೇಳೋದೇ ಇಲ್ಲ.

ನಾನು: ನೀನೇ ಹೇಳು.

ತಮ್ಮ: ಅದೇ ಶನಿವಾರ. ಬಿ-59 ಅಂತ ಸೋವಿಯತ್ ಜಲಾಂತರ್ಗಾಮಿ. ಒಳಗೆ ಸುಡುವ ಬಿಸಿ, ಉಸಿರಾಡಲು ಗಾಳಿ ಸಾಲದು, ಮಾಸ್ಕೋ ಜೊತೆ ಸಂಪರ್ಕ ಇಲ್ಲ. ಮೇಲಿಂದ ಅಮೆರಿಕದ ಹಡಗುಗಳು ಚಿಕ್ಕ ಸ್ಫೋಟಕ ಎಸೆಯುತ್ತಿವೆ, ಮೇಲೆ ಬಾ ಅನ್ನೋ ಸೂಚನೆ ಅದು, ಆದರೆ ಒಳಗಿದ್ದವರಿಗೆ ಯುದ್ಧ ಶುರುವಾಯಿತೇನೋ ಅನ್ನಿಸಿತ್ತು. ಅವರ ಹತ್ತಿರ ಅಣು ಟಾರ್ಪೆಡೋ ಇತ್ತು, ಮೇಲಿದ್ದವರಿಗೆ ಅದು ಗೊತ್ತೇ ಇಲ್ಲ. ಕ್ಯಾಪ್ಟನ್ ಸವಿಟ್‌ಸ್ಕಿ ರೇಗಿ ಅದನ್ನು ಸಿದ್ಧ ಮಾಡಲು ಹೇಳಿದರು, ಜೊತೆಗಿದ್ದ ವಸಿಲಿ ಅರ್ಖಿಪೋವ್ ಸಮಾಧಾನ ಮಾಡಿದರು ಅಂತ ಒಳಗಿದ್ದವರೊಬ್ಬರು ಹೇಳಿದ್ದಾರೆ. ಕೊನೆಗೆ ಹಡಗು ಮೇಲೆ ಬಂತು. ಇದು ಜಗತ್ತಿಗೆಲ್ಲ ಗೊತ್ತಾದದ್ದು 2002ರ ಸುಮಾರಿಗೆ. ಅಷ್ಟರಲ್ಲಿ ಅರ್ಖಿಪೋವ್ ತೀರಿಕೊಂಡಾಗಿತ್ತು.

ಭಾವ: ಹಾಗಾದರೆ ಅದೃಷ್ಟ ಅನ್ನು. ಕೆನಡಿಯೂ ಅಲ್ಲ, ಕ್ರುಶ್ಚೇವೂ ಅಲ್ಲ.

ನಾನು: ಅದೃಷ್ಟ ಜಾಸ್ತಿಯೇ ಇತ್ತು. ಆದರೆ ಇಬ್ಬರಿಗೂ ಅಂದು ಅದೇ ಹೆದರಿಕೆ ಹುಟ್ಟಿತ್ತು, ಕೈಯಲ್ಲಿರುವ ಹಗ್ಗ ಜಾರುತ್ತಿದೆ ಅಂತ. ಆ ಯು-2 ಬೀಳಿಸಲು ಕ್ರುಶ್ಚೇವ್ ಹೇಳಿರಲಿಲ್ಲ, ಕ್ಯೂಬಾದಲ್ಲಿದ್ದ ಸೋವಿಯತ್ ಅಧಿಕಾರಿಗಳೇ ನಿರ್ಧರಿಸಿದ್ದರು. ಅಮೆರಿಕ ದ್ವೀಪದೊಳಗೆ ನುಗ್ಗಿದರೆ ಮೊದಲು ನೀವೇ ಅಣು ಬಾಂಬ್ ಹಾಕಿ ಎನ್ನುವ ಅರ್ಥದಲ್ಲಿ ಕ್ಯಾಸ್ಟ್ರೋ ಬರೆದ ಪತ್ರ ಅದೇ ಹೊತ್ತಿಗೆ ಬಂತು. ಹೆದರಿದರು, ಮಾತಾಡಿದರು. ಆ ಹೆದರಿಕೆಯನ್ನು ಹೇಡಿತನ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಇಷ್ಟೆಲ್ಲ ಬರೆಯುತ್ತಿರುವುದು ಯಾಕೆ ಅಂದರೆ, ನಿಮ್ಮ ಫಾರ್ವರ್ಡ್ ಇವತ್ತು ಹುಟ್ಟಿದ ಸುಳ್ಳಲ್ಲ. ಅದನ್ನು ಹುಟ್ಟಿಸಿದ್ದು ಅದೇ ಗುಟ್ಟು. ಅಡ್ಲೈ ಸ್ಟೀವನ್ಸನ್ ಗೊತ್ತಲ್ಲ, ವಿಶ್ವಸಂಸ್ಥೆಯಲ್ಲಿ ಅಮೆರಿಕದ ರಾಯಭಾರಿ, 25ನೇ ತಾರೀಕು ಎಲ್ಲರ ಮುಂದೆ ಆ ಕ್ಷಿಪಣಿಗಳ ಫೋಟೋ ಇಟ್ಟು ಸೋವಿಯತ್ ರಾಯಭಾರಿ ಜೋರಿನ್‌ರ ಬಾಯಿ ಕಟ್ಟಿಸಿದವರು. ಅವರೇ ಮೊದಲಿನ ಸಭೆಗಳಲ್ಲಿ ಟರ್ಕಿಯ ಕ್ಷಿಪಣಿ ಬಿಟ್ಟುಕೊಟ್ಟು ಮುಗಿಸೋಣ ಅಂದಿದ್ದರು. ಡಿಸೆಂಬರ್‌ನಲ್ಲಿ ಒಂದು ದೊಡ್ಡ ಪತ್ರಿಕೆಯಲ್ಲಿ ಬಂತು, ಸ್ಟೀವನ್ಸನ್‌ಗೆ ಮ್ಯೂನಿಕ್ ಬೇಕಿತ್ತು ಅಂತ. 1938ರಲ್ಲಿ ಹಿಟ್ಲರ್‌ಗೆ ಮಣಿದು ಜೆಕ್ ನೆಲ ಬಿಟ್ಟುಕೊಟ್ಟದ್ದು ಮ್ಯೂನಿಕ್‌ನಲ್ಲಿ, ಅಂದರೆ ಹೇಡಿ ಅಂತ ಕರೆದ ಹಾಗೆ. ಅವರು ಹೇಳಿದ ಕೆಲಸವನ್ನೇ ಕೆನಡಿ ಗುಟ್ಟಾಗಿ ಮಾಡಿ ಮುಗಿಸಿದ್ದರು ಆಗಲೇ!

ದೊಡ್ಡಪ್ಪ: ಕೆನಡಿ ಏನೂ ಹೇಳಲಿಲ್ಲವಾ?

ನಾನು: ಸ್ಟೀವನ್ಸನ್ ಮೇಲೆ ನನಗೆ ವಿಶ್ವಾಸ ಇದೆ ಅಂತ ಪತ್ರ ಬರೆದರು. ಟರ್ಕಿ ವಿಷಯ ಮಾತ್ರ ಬಾಯಿ ಬಿಡಲಿಲ್ಲ.

ಭಾವ: ಬಿಟ್ಟಿದ್ದರೆ ಟರ್ಕಿಯೂ ಇದ್ದ ಅಮೆರಿಕದ ಮಿತ್ರಕೂಟ ನೇಟೋ ಒಡೆಯುತ್ತಿತ್ತು. ಆ ಕಷ್ಟವನ್ನೂ ಲೆಕ್ಕಕ್ಕೆ ತಗೋ.

ನಾನು: ತಗೊಂಡೆ ಭಾವ. ಆ ವಾರ ಗುಟ್ಟು ಬೇಕಿತ್ತು. ಆದರೆ 27 ವರ್ಷ ಬೇಕಿತ್ತಾ? ಆ ನಡುವೆ ಎಷ್ಟು ಜನ ನಾಯಕರು "ಬಗ್ಗದಿದ್ದರೆ ಎದುರಿನವನು ಬಗ್ಗುತ್ತಾನೆ" ಅಂತ ಇದೇ ಕಥೆಯಿಂದ ಕಲಿತರೋ.

ಅತ್ತೆ: ನಾನು ಮೇಲೆ ಹಾಕಿದ ಹೆಬ್ಬೆರಳು ತೆಗೆದೆ.

ದೊಡ್ಡಪ್ಪ: ವಾಕಿಂಗ್ ಗೆಳೆಯರ ಗುಂಪಿಗೂ ಇದನ್ನೇ ಕಳಿಸಿಬಿಟ್ಟಿದ್ದೇನೆ. ನೀನು ಬರೆದದ್ದನ್ನು ಅಲ್ಲಿಗೂ ಹಾಕುತ್ತೇನೆ, ಚಿಕ್ಕದು ಮಾಡಿ ಕೊಡು. ಒಂದು ಕೇಳಬೇಕು. ಆ ಸ್ಟೀವನ್ಸನ್‌ಗೆ ಬದುಕಿದ್ದಾಗ ನ್ಯಾಯ ಸಿಕ್ಕಿತಾ?

ನಾನು: ಇಲ್ಲ ದೊಡ್ಡಪ್ಪ. 1965ರ ಜುಲೈನಲ್ಲಿ ಲಂಡನ್ನಿನ ರಸ್ತೆಯಲ್ಲಿ ನಡೆಯುತ್ತಿದ್ದಾಗ ಹೃದಯಾಘಾತವಾಗಿ ಬಿದ್ದು ತೀರಿಕೊಂಡರು. ಕೆನಡಿಯ ಆಪ್ತ ಸೊರೆನ್‌ಸೆನ್ ಟರ್ಕಿಯ ಒಪ್ಪಂದ ಇದ್ದದ್ದು ನಿಜ, ಈ ಬಿಕ್ಕಟ್ಟಿನ ಬಗ್ಗೆ ರಾಬರ್ಟ್ ಕೆನಡಿ ಬರೆದ ಪುಸ್ತಕದಿಂದ ಆ ಭಾಗ ತೆಗೆದವನು ನಾನೇ ಅಂತ ಎಲ್ಲರ ಮುಂದೆ ಒಪ್ಪಿಕೊಂಡದ್ದು 1989ರಲ್ಲಿ, ಮಾಸ್ಕೋದಲ್ಲಿ.