1619ರ ಜೇಮ್ಸ್‌ಟೌನ್ ಸಭೆ: ಜನ ಗೆದ್ದದ್ದೋ, ಕಂಪನಿ ಕೊಟ್ಟದ್ದೋ?

ಕಡತಪ್ರಿಯ: 1619ರ ಜುಲೈ 30ರಂದು ವರ್ಜೀನಿಯಾದ ಜೇಮ್ಸ್‌ಟೌನ್ ಚರ್ಚಿನಲ್ಲಿ ಸಭೆ ಸೇರಿತು. 11 ನೆಲೆಗಳಿಂದ ಇಬ್ಬಿಬ್ಬರಂತೆ 22 ಪ್ರತಿನಿಧಿಗಳು. ಬ್ರಿಟಿಷ್ ಅಮೆರಿಕದ ಮೊದಲ ಚುನಾಯಿತ ಸಭೆ, ಜನ ಹೋರಾಡಿ ಪಡೆದದ್ದು.

ಗುಬ್ಬಿಮೇಷ್ಟ್ರು: "ಹೋರಾಡಿ ಪಡೆದದ್ದು"! ಸ್ವಾಮಿ, ಆ ವಸಾಹತನ್ನು ನಡೆಸುತ್ತಿದ್ದ ಲಂಡನ್ನಿನ ವರ್ಜೀನಿಯಾ ಕಂಪನಿಯೇ ಗವರ್ನರ್ ಯಾರ್ಡ್ಲಿ ಕೈಲಿ ಅಪ್ಪಣೆ ಕಳಿಸಿ ಕರೆಸಿದ್ದು ಅದು. ಅಲ್ಲಿಗೆ ಹೋಗಿ ನೆಲೆಸೋಕೆ ಜನ ಬೇಕಿತ್ತು, ಕೊಟ್ಟರು. ಮತ್ತೆ 22 ಎಲ್ಲಿ? ಜಮೀನುದಾರ ಕ್ಯಾಪ್ಟನ್ ಮಾರ್ಟಿನ್ ಕಡೆಯ ಇಬ್ಬರನ್ನು ಕೂರಿಸಲೇ ಇಲ್ಲ.

ತುಂಗಾತೀರ: ಕೊಟ್ಟರಂತೆ! ಟಾರು, ಸೋಪಿನ ಬೂದಿ ಮಾಡುತ್ತಿದ್ದ ಪೋಲೆಂಡಿನ ಕೆಲಸಗಾರರು ಅದೇ ತಿಂಗಳು ಮುಷ್ಕರ ಹೂಡಿ ಮತದ ಹಕ್ಕು ಕಿತ್ತುಕೊಂಡರು.

ಗುಬ್ಬಿಮೇಷ್ಟ್ರು: "ಮುಷ್ಕರ" ಯಾವ ಕಡತದಲ್ಲಿದೆ? ಕಂಪನಿಯ ನಡಾವಳಿಯಲ್ಲಿರೋದು ಏನೋ ತಕರಾರು ಬಂತು ಅಂತ, ಅಷ್ಟೇ.

ತುಂಗಾತೀರ: ಬರೀ ತಕರಾರಿಗೆ "ಉಳಿದ ನಿವಾಸಿಗಳಷ್ಟೇ ಸ್ವತಂತ್ರರು" ಅಂತ ಬರೆದುಕೊಟ್ಟರಾ? ಕೆಲಸ ನಿಲ್ಲಿಸದೆ ಯಾವ ಧಣಿ ಬಗ್ಗಿದ್ದಾನೆ ಮೇಷ್ಟ್ರೇ?

ಕಡತಪ್ರಿಯ: "ಅದೇ ತಿಂಗಳು" ಅಂದಿರಲ್ಲ, ನಿರ್ಣಯವಾದದ್ದು ಜುಲೈ 21ಕ್ಕೆ, ಲಂಡನ್ನಿನಲ್ಲಿ. ಒಂಬತ್ತು ದಿನಕ್ಕೆ ಹಡಗು ಅಟ್ಲಾಂಟಿಕ್ ದಾಟಿತಾ? ಈ ಸಭೆಗೂ ಆ ನಿರ್ಣಯಕ್ಕೂ ಸಂಬಂಧವಿಲ್ಲ.

ತುಂಗಾತೀರ: ಓಹೋ, ನೀವೂ ಆ ಕಡೆ ವಾಲಿದಿರಾ! ಈ ಸಭೆಗೇ ಮತ ಹಾಕಿದರು ಅಂತ ನಾನೆಲ್ಲಿ ಅಂದೆ? ತೋರಿಸಿ. ಮೇಲೆ ಹೋಗಿ ಓದಿ ತೋರಿಸಿ!

ನಿದ್ದೆಗೆಟ್ಟವ: ಮೂವರೂ ಆ ಡಾಂಬರಿಗೇ ಅಂಟಿಕೊಂಡಿದ್ದೀರಿ. ಅದೇ ವರ್ಷ ಆಗಸ್ಟ್ ಕೊನೆಗೆ ವರ್ಜೀನಿಯಾದ್ದೇ ಪಾಯಿಂಟ್ ಕಂಫರ್ಟಿನಲ್ಲಿ 20ಕ್ಕೂ ಹೆಚ್ಚು ಆಫ್ರಿಕನ್ನರನ್ನು ಹಡಗಿಂದ ಇಳಿಸಿ, ದಿನಸಿಗೆ ಬದಲಾಗಿ ಮಾರಿದರು. ಅವರ ಪ್ರತಿನಿಧಿ ಯಾರು?

ಗುಬ್ಬಿಮೇಷ್ಟ್ರು: "ಡಾಂಬರು" ಅಲ್ಲ ರೀ. ಅದು ರಸ್ತೆಗೆ ಹಾಕೋದು. ಇದು ಪೈನ್ ಮರದಿಂದ ಇಳಿಸಿ ಹಡಗಿಗೆ ಬಳಿಯೋ ಟಾರು.

ನಿದ್ದೆಗೆಟ್ಟವ: ಅಷ್ಟು ಹೇಳಿದ್ದರಲ್ಲಿ ಕಂಡದ್ದು ಅದೊಂದೇನಾ?

ಕಡತಪ್ರಿಯ: ಮೂಲ ವಿಷಯಕ್ಕೆ ಬನ್ನಿ. 1624ರಲ್ಲಿ ಕಂಪನಿಯ ಸನ್ನದೇ ರದ್ದಾಯಿತು, ಸಭೆ ಉಳಿಯಿತು. ತನ್ನ ಒಪ್ಪಿಗೆಯಿಲ್ಲದೆ ಗವರ್ನರ್ ತೆರಿಗೆ ಹಾಕಕೂಡದು ಅಂತ ಆ ವರ್ಷವೇ ಕಾನೂನು ಮಾಡಿತು. 1635ರಲ್ಲಿ ಗವರ್ನರ್ ಹಾರ್ವೆಯನ್ನೇ ಇಂಗ್ಲೆಂಡಿಗೆ ಹಡಗು ಹತ್ತಿಸಿದರು. ಇದೂ ಕಂಪನಿ ಕೊಟ್ಟದ್ದಾ?

ಗುಬ್ಬಿಮೇಷ್ಟ್ರು: "ಹಡಗು ಹತ್ತಿಸಿದರು", ಯಾರು? ಗವರ್ನರನ ಸಲಹೆಗಾರರ ಕೌನ್ಸಿಲ್ಲಿನ ದೊಡ್ಡ ಕುಳಗಳು. ರಾಜ ಅದೇ ಹಾರ್ವೆಯನ್ನು ಅದೇ ಕುರ್ಚಿಗೆ ವಾಪಸ್ ಕಳಿಸಿದ, ಅದನ್ನು ಬಿಟ್ಟುಬಿಟ್ಟಿರಿ.

ತುಂಗಾತೀರ: ಅಂತೂ ಮುಷ್ಕರ ಆಗಿತ್ತು ಅಂತ ಒಪ್ಪಿದ ಹಾಗಾಯ್ತು.

ಗುಬ್ಬಿಮೇಷ್ಟ್ರು: ಯಾರು ಒಪ್ಪಿದ್ದು?