ಸಹಾಯ ಬೇಕು: ಎರಡೇ ಮೈಕ್‌ಗಳಲ್ಲಿ ರೆಕಾರ್ಡ್ ಮಾಡಿದ ಡ್ರಮ್ಸ್‌ನ ಮಿಕ್ಸಿಂಗ್

ಎಲ್ಲರಿಗೂ ನಮಸ್ಕಾರ. ನಾವು ನಾಲ್ವರು ಸ್ನೇಹಿತರು ಕಟ್ಟಿಕೊಂಡಿರುವ ಕನ್ನಡ ರಾಕ್ ತಂಡದ ಮೂರು ಹಾಡುಗಳನ್ನು ಮೈಸೂರಿನ ನಮ್ಮ ಮನೆಯ ಮಹಡಿ ಕೋಣೆಯಲ್ಲಿಯೇ ರೆಕಾರ್ಡ್ ಮಾಡಿದ್ದು, ಮಿಕ್ಸಿಂಗ್ ಹಂತದಲ್ಲಿ ದಾರಿ ಕಾಣದೆ ಬಲ್ಲವರ ಸಲಹೆ ಕೋರುತ್ತಿದ್ದೇನೆ.

ನಮ್ಮಲ್ಲಿರುವುದು ಎರಡು ಇನ್‌ಪುಟ್‌ಗಳ ಆಡಿಯೋ ಇಂಟರ್‌ಫೇಸ್ (ಮೈಕ್‌ಗಳನ್ನು ಕಂಪ್ಯೂಟರ್‌ಗೆ ಜೋಡಿಸುವ ಸಾಧನ), ಒಂದು ಶೂರ್ ಎಸ್‌ಎಂ57 ಮೈಕ್ ಮತ್ತು ಒಂದು ಅಗ್ಗದ ಕಂಡೆನ್ಸರ್ ಮೈಕ್ ಮಾತ್ರ. ಗಿಟಾರ್, ಬೇಸ್, ಗಾಯನಗಳನ್ನು ಒಂದಾದ ಮೇಲೊಂದರಂತೆ ರೆಕಾರ್ಡ್ ಮಾಡಿದ್ದರಿಂದ ಅವು ತೊಂದರೆ ಕೊಡಲಿಲ್ಲ. ಕಷ್ಟವೆಲ್ಲ ಡ್ರಮ್ಸ್‌ನದು. ಎಸ್‌ಎಂ57 ಮೈಕನ್ನು ಸ್ನೇರ್‌ನ (ಕೋಲಿನಿಂದ ಬಾರಿಸುವ, ಚುರುಕು ಸದ್ದಿನ ಡ್ರಮ್) ಅಂಚಿಗಿಂತ ಎರಡು ಬೆರಳಿನಷ್ಟು ಮೇಲೆ, ಕಂಡೆನ್ಸರನ್ನು ಅದೇ ಸ್ನೇರ್‌ನಿಂದ ಸುಮಾರು 1 ಮೀಟರ್ ಎತ್ತರದಲ್ಲಿ ಇಟ್ಟಿದ್ದೆವು. (ಗೋಡೆಗೆ ತೂಗುಹಾಕಿದ ಕಂಬಳಿಗಳ ಬಗ್ಗೆ ಅಮ್ಮನ ಆಕ್ಷೇಪ ಇಂದಿಗೂ ಮುಗಿದಿಲ್ಲ.) ಬೇರೆ ಬೇರೆಯಾಗಿ ಕೇಳಿದರೆ ಎರಡೂ ಟ್ರ್ಯಾಕ್‌ಗಳು ಚೆನ್ನಾಗಿವೆ, ಕೂಡಿಸಿದೊಡನೆ ಸ್ನೇರ್ ಖಾಲಿ ಡಬ್ಬ ಬಡಿದಂತೆ ಕೇಳಿಸುತ್ತದೆ.

ಶಬ್ದವು 1 ಮೀಟರ್ ಕ್ರಮಿಸಲು ಸುಮಾರು 3 ಮಿಲಿಸೆಕೆಂಡ್ ಬೇಕಾಗುವುದರಿಂದ ಇದು ಫೇಸ್ ಸಮಸ್ಯೆಯೇ (ಒಂದೇ ಸದ್ದು ಎರಡು ಮೈಕ್‌ಗಳನ್ನು ಬೇರೆ ಬೇರೆ ಹೊತ್ತಿಗೆ ತಲುಪಿ, ಕೂಡಿಸಿದಾಗ ಭಾಗಶಃ ಅಳಿಸಿಹೋಗುವುದು) ಇರಬೇಕೆಂದು ಊಹಿಸಿ, ಒಂದು ಟ್ರ್ಯಾಕ್‌ನ ಪೋಲಾರಿಟಿ ತಿರುಗಿಸಿ (ಅಂದರೆ ಅದರ ತರಂಗವನ್ನು ತಲೆಕೆಳಗು ಮಾಡಿ) ನೋಡಿದೆ. ಸ್ನೇರ್‌ಗೆ ಮೈ ತುಂಬಿತು, ಆದರೆ ಕಿಕ್ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್) ಸೊರಗಿತು. ಮೇಲಿನ ಮೈಕ್‌ನ ಟ್ರ್ಯಾಕನ್ನು 3 ಮಿಲಿಸೆಕೆಂಡ್ ಮುಂಚಿತವಾಗಿ ಬರುವಂತೆ ಸರಿಸಿದಾಗ ಸ್ನೇರ್ ಗಟ್ಟಿಯಾಯಿತಾದರೂ, ಕೋಣೆಯ ವಿಸ್ತಾರವೇ ಕುಗ್ಗಿದಂತೆ ನನಗೆ ಅನ್ನಿಸಿತು.

ಹೀಗಿರುವಾಗ, ಸ್ನೇರ್ ಮೈಕ್‌ನಲ್ಲಿ 150 ಹರ್ಟ್ಸ್‌ಗಿಂತ ಕೆಳಗಿನದನ್ನು ಹೈಪಾಸ್ ಫಿಲ್ಟರ್‌ನಿಂದ ತೆಗೆದು, ಕಿಕ್ ಅನ್ನು ಮೇಲಿನ ಮೈಕ್‌ಗೇ ಬಿಡುವುದು ಸರಿಯೇ? ಅಥವಾ ಕಿಕ್‌ನ ಅಡಿಗೆ ಸ್ಯಾಂಪಲ್ (ಮೊದಲೇ ರೆಕಾರ್ಡ್ ಮಾಡಿಟ್ಟ ಕಿಕ್ ಸದ್ದು) ಸೇರಿಸಬೇಕೇ? ಹಾಗೆ ಸೇರಿಸಿದರೆ 80 ಹರ್ಟ್ಸ್ ಆಸುಪಾಸಿನಲ್ಲಿ ಬೇಸ್ ಗಿಟಾರ್‌ನೊಂದಿಗೆ ಆಗುವ ತಿಕ್ಕಾಟವನ್ನು ಹೇಗೆ ತಪ್ಪಿಸುವುದೆಂದು ದಯವಿಟ್ಟು ತಿಳಿಸಿ. ಮತ್ತೆ ರೆಕಾರ್ಡ್ ಮಾಡುವುದೇ ಲೇಸೆನ್ನುವುದಾದರೆ, ಮೈಕ್‌ಗಳನ್ನು ಎಲ್ಲಿಡಬೇಕೆಂಬುದನ್ನೂ ಬರೆಯಿರಿ.